ಕಾಣದ ಬೆಳಕು

ಬೆಂಗಳೂರು ನಗರದ ಪೂರ್ವಭಾಗದಲ್ಲಿ ದೊಮ್ಮಲೂರು ಎಂಬ ಬಡಾವಣೆಯಿದೆ. ನಗರವು ಇಷ್ಟೊಂದು ಹಬ್ಬುವ ಮುನ್ನ ಅದು ಹೊಲಗದ್ದೆಗಳ ನಡುವಿನ ಒಂದು ಗ್ರಾಮವಾಗಿತ್ತು. ಅಲ್ಲಿಯ ಪುರಾತನವಾದ ಚೊಕ್ಕನಾಥಸ್ವಾಮಿ ದೇವಾಲಯವೂ ಅದರ ಶಿಲಾಶಾಸನಗಳೂ ಊರಿನ ಹಳಮೆಯನ್ನು ಇಂದಿಗೂ ಸಾರುತ್ತಿವೆ. ಆ ದೇವಾಲಯವನ್ನು ಕಟ್ಟಿದ ಕಾಲದ ಜನ ರಾತ್ರಿ ತಲೆಯೆತ್ತಿ ನೋಡಿದಾಗ ಅವರಿಗೆ ಸಾವಿರಾರು ನಕ್ಷತ್ರಗಳು ಕಾಣುತ್ತಿದ್ದಿರಬೇಕು. ಇಂದು ಅದೇ ಸ್ಥಳದಲ್ಲಿ ನಿಂತವನಿಗೆ ಬೆರಳೆಣಿಕೆಯಷ್ಟು ನಕ್ಷತ್ರಗಳು ಕಂಡರೆ ಅದೇ ಹೆಚ್ಚು. ಬೀದಿದೀಪಗಳ ಪ್ರಭೆ, ವಾಹನಗಳ ಹೊಗೆ, ಏಳುವ ಧೂಳು ಇವೆಲ್ಲ ಸೇರಿ ಆಕಾಶಕ್ಕೆ ಮುಸುಕು ಹಾಕಿಬಿಟ್ಟಿವೆ.

ಇದೇ ದೊಮ್ಮಲೂರಿನಿಂದ ಹಳೆಯ ವಿಮಾನನಿಲ್ದಾಣ ರಸ್ತೆಯಲ್ಲಿ ಪೂರ್ವಾಭಿಮುಖವಾಗಿ ಕೆಲವೇ ಕಿಲೋಮೀಟರುಗಳಷ್ಟು ಸಾಗಿದರೆ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಉಪಗ್ರಹ ಕೇಂದ್ರವು ಸಿಕ್ಕುತ್ತದೆ. 2018ರಿಂದ ಅದಕ್ಕೆ ಯು. ಆರ್. ರಾವ್ ಉಪಗ್ರಹ ಕೇಂದ್ರವೆಂದು ಹೆಸರಾಗಿದೆ. ನಕ್ಷತ್ರಗಳೇ ನೆಟ್ಟಗೆ ಕಾಣದ ಈ ರಸ್ತೆಯ ಮಗ್ಗುಲಲ್ಲಿಯೇ, ಮನುಷ್ಯನ ಕಣ್ಣಿಗೆ ಎಂದೂ ಕಾಣದ ಬೆಳಕನ್ನು ಕಾಣಬಲ್ಲ ಒಂದು ವೀಕ್ಷಣಾಲಯವನ್ನು ಜೋಡಿಸಲಾಯಿತೆಂಬುದು ಸೋಜಿಗದ ಸಂಗತಿ. ಆ ವೀಕ್ಷಣಾಲಯದ ಹೆಸರು ‘ಆಸ್ಟ್ರೋಸ್ಯಾಟ್’. ಅದು ಭೂಮಿಯ ಮೇಲೆ ನಿಂತಿಲ್ಲ, ಭೂಮಿಯನ್ನು ಸುತ್ತುತ್ತಿದೆ. ಅದು ಕಂಡದ್ದೇನು, ಅದನ್ನು ಕಾಣುವುದಕ್ಕಾಗಿ ನಮ್ಮ ವಿಜ್ಞಾನಿಗಳು ಎಷ್ಟು ಕಾಲ ಕಾಯಬೇಕಾಯಿತು ಎಂಬುದು ತಿಳಿದುಕೊಳ್ಳಬೇಕಾದ ವಿಷಯ.

ಮೊದಲು ಕಾಣದ ಬೆಳಕು ಎಂದರೇನೆಂಬುದನ್ನು ಅರಿಯಬೇಕು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣದ ಸಲಾಕೆಯನ್ನು ಕಾಯಿಸುವುದನ್ನು ಅನೇಕರು ಕಂಡಿರಬಹುದು. ಸಲಾಕೆ ಮೊದಲು ಕೆಂಪಗಾಗುತ್ತದೆ. ಇನ್ನೂ ಕಾದಂತೆ ಹಳದಿಗೆ ತಿರುಗುತ್ತದೆ. ಮತ್ತೂ ಕಾದರೆ ಬೆಳ್ಳಗೆ ಹೊಳೆಯುತ್ತದೆ. ಕಾವು ಏರಿದಂತೆಲ್ಲ ವಸ್ತು ಹೊರಸೂಸುವ ಬೆಳಕಿನ ತರಂಗಗಳು ಕಿರಿದಾಗುತ್ತ ಹೋಗುತ್ತವೆ. ಇದು ನಿಸರ್ಗದ ನಿಯಮ. ಕುಲುಮೆಯ ಕಬ್ಬಿಣಕ್ಕೆ ಅನ್ವಯಿಸುವ ಈ ನಿಯಮವೇ ನಕ್ಷತ್ರಗಳಿಗೂ ಅನ್ವಯಿಸುತ್ತದೆ. ನಮ್ಮ ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಬೆಳಕಿನ ದೊಡ್ಡದೊಂದು ಪಾಲು ನಮ್ಮ ಕಣ್ಣಿಗೆ ಕಾಣುವಂಥದು. ಆದರೆ ಹಲವು ಹತ್ತು ಸಾವಿರ ಡಿಗ್ರಿಗಳಷ್ಟು ಕಾದ ನಕ್ಷತ್ರ ತನ್ನ ಬೆಳಕಿನ ಹೆಚ್ಚಿನ ಪಾಲನ್ನು ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗಿರುವ ಅತಿನೇರಳೆ ಕಿರಣಗಳ ರೂಪದಲ್ಲಿ ಸೂಸುತ್ತದೆ. ಲಕ್ಷಗಟ್ಟಲೆ, ಕೋಟಿಗಟ್ಟಲೆ ಡಿಗ್ರಿಗಳಿಗೆ ಕಾದ ಅನಿಲದಿಂದ ಹೊಮ್ಮುವುದು ಕ್ಷ-ಕಿರಣಗಳು. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯಲು ಬಳಸುವ ಕಿರಣಗಳೇ ಇವು. ಇವುಗಳಿಗಿಂತಲೂ ಪ್ರಬಲವಾದವು ಗ್ಯಾಮಾ ಕಿರಣಗಳು. ಇವೆಲ್ಲವೂ ಬೆಳಕೇ; ಆದರೆ ಇವುಗಳನ್ನು ಗ್ರಹಿಸುವ ಶಕ್ತಿ ನಮ್ಮ ಕಣ್ಣಿಗಿಲ್ಲ.

ಕಣ್ಣಿಗೆ ಕಾಣದಿದ್ದರೇನು, ಉಪಕರಣಗಳಿಂದ ಕಾಣಬಹುದಲ್ಲ ಎಂದು ಕೇಳಬಹುದು. ಅಲ್ಲಿಯೂ ಒಂದು ತೊಡಕಿದೆ. ಭೂಮಿಯನ್ನು ಸುತ್ತುವರಿದಿರುವ ವಾಯುಮಂಡಲವು ಈ ಕಿರಣಗಳಲ್ಲಿ ಬಹುಪಾಲನ್ನು ಮೇಲೆಯೇ ಹೀರಿಬಿಡುತ್ತದೆ. ಇದು ನಮ್ಮ ಪುಣ್ಯ. ಹಾಗಾಗದಿದ್ದರೆ ನೆಲದ ಮೇಲೆ ಜೀವಿಗಳು ಬದುಕುವುದು ದುಸ್ತರವಾಗುತ್ತಿತ್ತು. ಆದರೆ ನಮ್ಮನ್ನು ಕಾಪಾಡುವ ಈ ಹೊದಿಕೆಯೇ ವಿಶ್ವದ ಅತ್ಯುಗ್ರ ಘಟನೆಗಳನ್ನು ನಮ್ಮಿಂದ ಮರೆಮಾಡಿದೆ. ಎಷ್ಟೇ ಎತ್ತರದ ಪರ್ವತದ ಮೇಲೆ ದೂರದರ್ಶಕವನ್ನು ನಿಲ್ಲಿಸಿದರೂ ನಕ್ಷತ್ರಗಳ ಕ್ಷ-ಕಿರಣ ಅದರೊಳಗೆ ಬೀಳುವುದಿಲ್ಲ. ಅದನ್ನು ಕಾಣಬೇಕಾದರೆ ವಾಯುಮಂಡಲದ ಆಚೆಗೇ ಹೋಗಬೇಕು.

ಹಾಗೆ ಹೋಗುವ ಸಾಧನ ಮನುಷ್ಯನಿಗೆ ದೊರೆತದ್ದು ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ. 1962ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ರಿಕಾರ್ಡೊ ಜಿಯಕೋನಿ ಮತ್ತು ಅವರ ಸಂಗಡಿಗರು ಒಂದು ರಾಕೆಟ್ಟಿನಲ್ಲಿ ಕ್ಷ-ಕಿರಣ ಗ್ರಾಹಕಗಳನ್ನಿರಿಸಿ ಮೇಲಕ್ಕೆ ಕಳುಹಿಸಿದರು. ವಾಯುಮಂಡಲದ ಆಚೆ ಆ ಗ್ರಾಹಕಗಳಿಗೆ ದೊರೆತ ಅವಕಾಶ ಕೆಲವೇ ನಿಮಿಷಗಳು. ಅಷ್ಟರಲ್ಲಿಯೇ ಅವು ವೃಶ್ಚಿಕ ರಾಶಿಯ ದಿಕ್ಕಿನಿಂದ ಪ್ರಬಲವಾದ ಕ್ಷ-ಕಿರಣಗಳು ಬರುತ್ತಿರುವುದನ್ನು ದಾಖಲಿಸಿದವು. ಸೌರವ್ಯೂಹದ ಆಚೆಗೆ ಪತ್ತೆಯಾದ ಮೊಟ್ಟಮೊದಲ ಕ್ಷ-ಕಿರಣ ಮೂಲ ಅದು. ಈ ಹೊಸ ವಿಜ್ಞಾನಶಾಖೆಗೆ ಅಡಿಪಾಯ ಹಾಕಿದ ಜಿಯಕೋನಿಯವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಭಾರತವು ಈ ಕ್ಷೇತ್ರಕ್ಕೆ ಕಾಲಿಡಲು ಬಹಳ ತಡಮಾಡಲಿಲ್ಲ. ಉಡುಪಿಯ ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾಯರು ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿದವರು. ಕೆಲವು ವರ್ಷ ಅಮೆರಿಕದಲ್ಲಿದ್ದು ಸ್ವದೇಶಕ್ಕೆ ಮರಳಿದ ಅವರಿಗೆ ದೇಶದ ಪ್ರಥಮ ಉಪಗ್ರಹವನ್ನು ನಿರ್ಮಿಸುವ ಹೊಣೆ ಒದಗಿಬಂದಿತು. ಆಗ ಇಂದಿನ ಉಪಗ್ರಹ ಕೇಂದ್ರದ ವಿಶಾಲವಾದ ಕಟ್ಟಡಗಳಾವುವೂ ಇರಲಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಾಧಾರಣವಾದ ಷೆಡ್ಡುಗಳಲ್ಲಿಯೇ ಕೆಲಸ ಆರಂಭವಾಯಿತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ತರುಣರು. ಉಪಗ್ರಹವೊಂದನ್ನು ಅದುವರೆಗೆ ಕಟ್ಟಿದ ಅನುಭವ ಅವರಿಗಿರಲಿಲ್ಲ. 26 ಮುಖಗಳುಳ್ಳ, 360 ಕಿಲೋಗ್ರಾಂ ತೂಕದ ಆ ಉಪಗ್ರಹಕ್ಕೆ ಪ್ರಾಚೀನ ಖಗೋಳಶಾಸ್ತ್ರಜ್ಞನಾದ ಆರ್ಯಭಟನ ಹೆಸರನ್ನಿಡಲಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ರಾಕೆಟ್ಟೊಂದು ‘ಆರ್ಯಭಟ’ವನ್ನು ಕಕ್ಷೆಗೆ ಸೇರಿಸಿತು. ಅದರೊಳಗಿದ್ದ ಮೂರು ವೈಜ್ಞಾನಿಕ ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಳವಿಜ್ಞಾನಕ್ಕೆ ಸಂಬಂಧಿಸಿದುದಾಗಿತ್ತು.

ಆದರೆ ಸಂತೋಷ ಬಹುಕಾಲ ನಿಲ್ಲಲಿಲ್ಲ. ನಾಲ್ಕು ದಿನಗಳು ಕಳೆದು, ಉಪಗ್ರಹವು ಭೂಮಿಯನ್ನು ಸುಮಾರು 60 ಸಲ ಸುತ್ತುವಷ್ಟರಲ್ಲಿ ಪ್ರಯೋಗಗಳಿಗೆ ವಿದ್ಯುತ್ತನ್ನು ಒದಗಿಸುವ ವ್ಯವಸ್ಥೆ ಕೆಟ್ಟಿತು. ಮೂರು ಪ್ರಯೋಗಗಳನ್ನೂ ನಿಲ್ಲಿಸಬೇಕಾಯಿತು. ಉಪಗ್ರಹದ ಉಳಿದ ಅಂಗಗಳು ಮುಂದೆ 1981ರವರೆಗೂ ಸಂಕೇತಗಳನ್ನು ಕಳುಹಿಸುತ್ತಿದ್ದವು. ಉಪಗ್ರಹವನ್ನು ಕಟ್ಟುವ ವಿದ್ಯೆ ಭಾರತಕ್ಕೆ ಕರಗತವಾಯಿತೆಂಬುದನ್ನು ಅವು ಸಾಬೀತುಗೊಳಿಸಿದವು. ಆದರೆ ಆಕಾಶವನ್ನು ನೋಡಲೆಂದು ತೆರೆದ ಕಣ್ಣು, ನೋಡಲು ತೊಡಗಿದ ಐದನೆಯ ದಿನವೇ ಮುಚ್ಚಿಹೋಯಿತು. ವರ್ಷಗಳ ದುಡಿಮೆಗೆ ದೊರೆತ ವೀಕ್ಷಣೆಯ ಅವಧಿ ಕೇವಲ ನಾಲ್ಕು ದಿನ. ವಿಜ್ಞಾನದ ಹಾದಿಯಲ್ಲಿ ಇಂಥ ನಷ್ಟವನ್ನು ನುಂಗಿಕೊಂಡು ಮುಂದುವರಿಯುವುದು ಹೊಸದನ್ನು ಕಂಡುಹಿಡಿಯುವಷ್ಟೇ ಕಠಿಣವಾದ ಕೆಲಸ.

ಮುಂದಿನ ದಾರಿಯೂ ಸುಗಮವಾಗಿರಲಿಲ್ಲ. ವಿಶ್ವದ ಯಾವುದೋ ಮೂಲೆಯಲ್ಲಿ ದಿಢೀರನೆ ಮಿಂಚಿ ಮರೆಯಾಗುವ ಗ್ಯಾಮಾ ಕಿರಣಗಳ ಸ್ಫೋಟವನ್ನು ಪತ್ತೆಹಚ್ಚುವ ಉಪಕರಣಗಳನ್ನು ಬೆಂಗಳೂರಿನಲ್ಲಿ ಸಿದ್ಧಪಡಿಸಿ ಎರಡು ಉಪಗ್ರಹಗಳಲ್ಲಿ ಇರಿಸಲಾಗಿತ್ತು. 1987ರಲ್ಲಿ ಒಂದು, 1988ರಲ್ಲಿ ಮತ್ತೊಂದು ಉಡಾವಣೆ ವಿಫಲವಾಗಿ ಆ ಎರಡು ಉಪಗ್ರಹಗಳೂ ಕಕ್ಷೆಯನ್ನು ಸೇರದೆ ನಾಶವಾದವು. ವಿಜ್ಞಾನಿಗಳು ಮತ್ತೆ ಕಟ್ಟಿದರು. 1994ರಲ್ಲಿ ಕಕ್ಷೆಗೇರಿದ ಅದೇ ಸರಣಿಯ ಉಪಗ್ರಹವೊಂದು ಹಲವಾರು ಗ್ಯಾಮಾ ಸ್ಫೋಟಗಳನ್ನು ದಾಖಲಿಸಿತು. 1996ರ ಮಾರ್ಚ್ 21ರಂದು ಉಡಾವಣೆಗೊಂಡ ಐ.ಆರ್.ಎಸ್.-ಪಿ3 ಎಂಬ ದೂರಸಂವೇದಿ ಉಪಗ್ರಹದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಹಾಗೂ ಬೆಂಗಳೂರಿನ ಉಪಗ್ರಹ ಕೇಂದ್ರಗಳು ಕೂಡಿ ರೂಪಿಸಿದ ಕ್ಷ-ಕಿರಣ ಉಪಕರಣಕ್ಕೂ ಒಂದಿಷ್ಟು ಜಾಗ ದೊರೆಯಿತು. ಗರುಡ ನಕ್ಷತ್ರಪುಂಜದಲ್ಲಿ ಒಂದು ಕಪ್ಪುಕುಳಿಯಿದೆ. ಅದರ ದ್ರವ್ಯ ಸೂರ್ಯನ ದ್ರವ್ಯಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಬೆಳಕನ್ನೂ ಹೊರಬಿಡದಷ್ಟು ಸೆಳೆತವುಳ್ಳ ಇಂಥ ಕಾಯವನ್ನು ನೇರವಾಗಿ ನೋಡಲಾಗದು. ಆದರೆ ಅದರೊಳಕ್ಕೆ ಸುಳಿಸುತ್ತುತ್ತ ಬೀಳುವ ಅನಿಲವು ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಆ ಕಿರಣಗಳು ಒಂದು ಕ್ರಮದಲ್ಲಿ ಉಬ್ಬಿ, ಥಟ್ಟನೆ ಕುಗ್ಗುವುದನ್ನು ಈ ಪುಟ್ಟ ಉಪಕರಣವು ಗುರುತಿಸಿತು. ಸುಳಿಯ ಒಳಅಂಚಿನ ಅನಿಲವು ಕಪ್ಪುಕುಳಿಯೊಳಗೆ ಬಿದ್ದು ಮರೆಯಾಗುವುದರಿಂದ ಹೀಗಾಗುತ್ತಿರಬೇಕೆಂದು ವಿಜ್ಞಾನಿಗಳು ಅರ್ಥೈಸಿದರು.

ಅನ್ಯ ಕಾರ್ಯಕ್ಕಾಗಿ ಹೋಗುವ ಉಪಗ್ರಹದ ಒಂದು ಮೂಲೆಯಲ್ಲಿ ಕುಳಿತ ಉಪಕರಣವೇ ಇಷ್ಟನ್ನು ಕಂಡಿತೆಂದಮೇಲೆ, ಖಗೋಳ ವೀಕ್ಷಣೆಗೆಂದೇ ಮೀಸಲಾದ ಪೂರ್ಣ ಉಪಗ್ರಹವೊಂದನ್ನು ಏಕೆ ನಿರ್ಮಿಸಬಾರದೆಂಬ ಆಲೋಚನೆ ಬಲಗೊಂಡಿತು. ಆ ಆಲೋಚನೆಯ ಫಲವೇ ಆಸ್ಟ್ರೋಸ್ಯಾಟ್. ಒಂದೇ ನಕ್ಷತ್ರವನ್ನು ಒಂದೇ ಸಮಯದಲ್ಲಿ ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ ಕಿರಣ, ಕ್ಷ-ಕಿರಣ ಈ ಮೂರರಲ್ಲಿಯೂ ನೋಡುವುದು ಅದರ ವೈಶಿಷ್ಟ್ಯ. ವೈದ್ಯನು ರೋಗಿಯ ನಾಡಿಯನ್ನು ಹಿಡಿದು, ನಾಲಗೆಯನ್ನು ನೋಡಿ, ಎದೆಬಡಿತವನ್ನೂ ಆಲಿಸಿ ರೋಗವನ್ನು ನಿರ್ಣಯಿಸುವಂತೆ, ಹಲವು ಬಗೆಯ ಬೆಳಕನ್ನು ಒಟ್ಟಿಗೆ ಪರೀಕ್ಷಿಸಿದಾಗ ಆಕಾಶಕಾಯದ ನಿಜಸ್ಥಿತಿ ಹೆಚ್ಚು ಸ್ಪಷ್ಟವಾಗುತ್ತದೆ.

ಐದು ಉಪಕರಣಗಳುಳ್ಳ ಈ ಉಪಗ್ರಹದ ನಿರ್ಮಾಣಕ್ಕೆ ದೇಶದ ಹಲವು ಸಂಸ್ಥೆಗಳು ಕೈಜೋಡಿಸಿದವು. ಮುಂಬಯಿಯ ಟಾಟಾ ಸಂಸ್ಥೆ, ಪುಣೆಯ ಅಂತರ-ವಿಶ್ವವಿದ್ಯಾಲಯ ಖಗೋಳ ಕೇಂದ್ರ, ಅಹಮದಾಬಾದಿನ ಭೌತ ಸಂಶೋಧನಾಲಯ, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ಇವು ಅವುಗಳಲ್ಲಿ ಕೆಲವು. ಕೆನಡ ಹಾಗೂ ಬ್ರಿಟನ್ ದೇಶಗಳೂ ನೆರವಾದವು. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯು ಅತಿನೇರಳೆ ದೂರದರ್ಶಕದ ಹೊಣೆ ಹೊತ್ತಿತು. ಕೃಷ್ಣರಾಜಪುರವನ್ನು ದಾಟಿ ಮುಂದೆ ಸಾಗಿದರೆ ಸಿಗುವ ಹೊಸಕೋಟೆಯ ಬಳಿ ಆ ಸಂಸ್ಥೆಗೆ ಸೇರಿದ ಪ್ರಯೋಗಾಲಯವಿದೆ. ಅಲ್ಲಿ ಆ ದೂರದರ್ಶಕವನ್ನು ಜೋಡಿಸಲಾಯಿತು.

ಆ ಕೆಲಸದ ಸೂಕ್ಷ್ಮತೆಯನ್ನು ಊಹಿಸಿಕೊಳ್ಳುವುದೂ ಕಷ್ಟ. ಅತಿನೇರಳೆ ಕಿರಣಗಳಿಗೆ ಧೂಳು ಶತ್ರು. ಧೂಳಿಗಿಂತಲೂ ದೊಡ್ಡ ಶತ್ರು ಕಣ್ಣಿಗೆ ಕಾಣದ ಜಿಡ್ಡು. ಅಂಟು, ಬಣ್ಣ, ಪ್ಲಾಸ್ಟಿಕ್ ಮೊದಲಾದ ವಸ್ತುಗಳಿಂದ ಹೊರಡುವ ಆವಿಯು ಕನ್ನಡಿಯ ಮೇಲೆ ತೀರ ತೆಳುವಾದ ಪೊರೆಯಾಗಿ ಕುಳಿತರೂ ಸಾಕು, ನಕ್ಷತ್ರದ ಅತಿನೇರಳೆ ಬೆಳಕು ಅಲ್ಲಿಯೇ ಇಂಗಿಹೋಗುತ್ತದೆ. ಆದುದರಿಂದ ಶೋಧಿಸಿದ ಗಾಳಿಯಷ್ಟೇ ಸುಳಿದಾಡುವ ಕೊಠಡಿಗಳಲ್ಲಿ, ಅಡಿಯಿಂದ ಮುಡಿಯವರೆಗೆ ಮುಚ್ಚುವ ಉಡುಪನ್ನು ಧರಿಸಿ, ಕೈಗವಸು ತೊಟ್ಟು ವಿಜ್ಞಾನಿಗಳೂ ತಂತ್ರಜ್ಞರೂ ಕೆಲಸಮಾಡಿದರು. ಒಂದೊಂದು ಬಿಡಿಭಾಗವನ್ನೂ ಪರೀಕ್ಷಿಸಿದ ನಂತರವೇ ಒಳಗೆ ಬಿಡಲಾಗುತ್ತಿತ್ತು. ಹೀಗೆ ಸಿದ್ಧವಾದ ಉಪಕರಣಗಳೆಲ್ಲ ಕಡೆಗೆ ಹಳೆಯ ವಿಮಾನನಿಲ್ದಾಣ ರಸ್ತೆಯ ಉಪಗ್ರಹ ಕೇಂದ್ರಕ್ಕೆ ಬಂದು ಸೇರಿದವು. ಅಲ್ಲಿ ಅವು ಒಂದೇ ದೇಹದ ಅಂಗಗಳಾದವು.

2015ರ ಸೆಪ್ಟೆಂಬರ್ 28ರಂದು ಬೆಳಗ್ಗೆ 10 ಗಂಟೆಗೆ ಶ್ರೀಹರಿಕೋಟೆಯಿಂದ ಮೇಲೆದ್ದ ಪಿ.ಎಸ್.ಎಲ್.ವಿ. ರಾಕೆಟ್ಟು ಸುಮಾರು 1,515 ಕಿಲೋಗ್ರಾಂ ತೂಕದ ಆಸ್ಟ್ರೋಸ್ಯಾಟನ್ನು 650 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಬಿಟ್ಟಿತು. ಆ ಕಕ್ಷೆಯು ಸಮಭಾಜಕ ವೃತ್ತಕ್ಕೆ ಕೇವಲ 6 ಡಿಗ್ರಿಗಳಷ್ಟು ಓರೆಯಾಗಿದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ವಿದ್ಯುತ್ಕಣಗಳು ದಟ್ಟವಾಗಿರುವ ವಲಯವೊಂದಿದೆ. ಕ್ಷ-ಕಿರಣ ಗ್ರಾಹಕಗಳಿಗೆ ಅದರಿಂದ ತೊಂದರೆ. ಆ ವಲಯದಲ್ಲಿ ಆದಷ್ಟು ಕಡಿಮೆ ಸಮಯ ಕಳೆಯಬೇಕೆಂದೇ ಇಂಥ ಕಕ್ಷೆಯನ್ನು ಆರಿಸಲಾಯಿತು. ಆದಕಾರಣ ಬೆಂಗಳೂರಿನಲ್ಲಿ ಹುಟ್ಟಿದ ಈ ಉಪಗ್ರಹ ಬೆಂಗಳೂರಿನ ನೆತ್ತಿಯ ಮೇಲೆ ಎಂದೂ ಹಾದುಹೋಗುವುದಿಲ್ಲ. ದೂರದ ದಕ್ಷಿಣ ದಿಗಂತದತ್ತ, ಸಾಗರದ ಮೇಲೆ ಸಾಗುತ್ತ ನಗರದ ಹೊರವಲಯದ ಬ್ಯಾಲಾಳುವಿನಲ್ಲಿರುವ ಕೇಂದ್ರಕ್ಕೆ ತಾನು ಕಂಡದ್ದನ್ನು ವರದಿಮಾಡುತ್ತದೆ.

ಉಪಗ್ರಹ ಕಕ್ಷೆಯನ್ನು ಸೇರಿದೊಡನೆ ದೂರದರ್ಶಕದ ಬಾಗಿಲನ್ನು ತೆರೆಯಬಹುದೆಂದು ಸಾಮಾನ್ಯರು ಭಾವಿಸುವುದು ಸಹಜ. ಆದರೆ ಅತಿನೇರಳೆ ದೂರದರ್ಶಕದ ಬಾಗಿಲನ್ನು ಕೂಡಲೇ ತೆರೆಯಲಿಲ್ಲ. ಶೂನ್ಯದಲ್ಲಿ ಉಪಗ್ರಹದ ಮೈಯಿಂದ ಇನ್ನೂ ಆವಿ ಹೊರಡುತ್ತಿರುತ್ತದೆ. ಅದು ಪೂರ್ತಿಯಾಗಿ ಚದುರಿಹೋಗುವವರೆಗೆ ಕನ್ನಡಿಗಳನ್ನು ಹೊರಗೆ ತೆರೆದಿಡುವುದು ಅಪಾಯ. ಹಲವು ವರ್ಷ ದುಡಿದವರು ಇನ್ನೂ ಎರಡು ತಿಂಗಳು ಕಾದರು. 2015ರ ನವೆಂಬರ್ 30ರಂದು ಬಾಗಿಲು ತೆರೆಯಿತು. ಅದು ಮೊದಲು ನೋಡಿದ್ದು ಧ್ರುವ ನಕ್ಷತ್ರದ ಸಮೀಪದ ಎನ್.ಜಿ.ಸಿ. 188 ಎಂಬ ನಕ್ಷತ್ರಗುಚ್ಛವನ್ನು.

ಆ ಗುಚ್ಛದ ವಯಸ್ಸು 600ರಿಂದ 700 ಕೋಟಿ ವರ್ಷಗಳೆಂದು ಅಂದಾಜು. ಒಂದು ಗುಚ್ಛದ ನಕ್ಷತ್ರಗಳೆಲ್ಲ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಹುಟ್ಟಿದವು. ಅವುಗಳಲ್ಲಿ ದೊಡ್ಡವು, ನೀಲಿಯಾಗಿ ಉರಿಯುವಂಥವು ತಮ್ಮ ಇಂಧನವನ್ನು ದುಂದುಮಾಡಿ ಬೇಗನೆ ಮುಗಿದುಹೋಗುತ್ತವೆ. ಹೀಗಿದ್ದರೂ ಮುಪ್ಪಿನ ಗುಚ್ಛಗಳಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ನಕ್ಷತ್ರ, ವೃದ್ಧರ ಸಭೆಯಲ್ಲಿ ಕುಳಿತ ತರುಣನಂತೆ ಹೊಳೆಯುತ್ತಿರುತ್ತದೆ. ಈ ತಾರುಣ್ಯ ಅದಕ್ಕೆ ಎಲ್ಲಿಂದ ಬಂದಿತೆಂಬುದು ಬಹುಕಾಲದ ಒಗಟು. ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಹೀರಿಕೊಂಡು ಅದು ಮತ್ತೆ ಯೌವನವನ್ನು ಪಡೆಯುತ್ತದೆಂಬುದು ಒಂದು ವಾದ. ಹಾಗಾದರೆ ದ್ರವ್ಯವನ್ನು ಕಳೆದುಕೊಂಡ ಆ ಜೊತೆಗಾರ ಎಲ್ಲಿ? ಆಸ್ಟ್ರೋಸ್ಯಾಟಿನ ಚಿತ್ರಗಳಲ್ಲಿ ಇಂಥ ಒಂದು ನಕ್ಷತ್ರದಿಂದ ನಿರೀಕ್ಷೆಗೆ ಮೀರಿದ ಅತಿನೇರಳೆ ಬೆಳಕು ಬರುತ್ತಿತ್ತು. ಸುಮಾರು 6,000 ಕೆಲ್ವಿನ್ ಉಷ್ಣತೆಯ ನಕ್ಷತ್ರ ಅಷ್ಟನ್ನು ಸೂಸಲಾರದು. ಸುಮಾರು 17,000 ಕೆಲ್ವಿನ್ ಉಷ್ಣತೆಯ ಇನ್ನೊಂದು ಕಾಯ ಅದರ ಮಗ್ಗುಲಲ್ಲಿ ಅಡಗಿರಬೇಕೆಂದು ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ತೀರ್ಮಾನಿಸಿದರು. ಹೊರಪದರವನ್ನು ಕಳೆದುಕೊಂಡು ಒಳಗಿನ ಕಾದ ತಿರುಳಷ್ಟೇ ಉಳಿದ ಜೊತೆಗಾರನೇ ಅದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಒಡನಾಡಿಯ ಪ್ರಭೆಯಲ್ಲಿ ಮುಚ್ಚಿಹೋಗಿತ್ತು. ಅತಿನೇರಳೆ ಬೆಳಕು ಅದನ್ನು ಬಯಲಿಗೆಳೆಯಿತು.

ಮತ್ತೊಂದು ಅನ್ವೇಷಣೆ ವೃಷಭ ರಾಶಿಯ ಏಡಿ ನೀಹಾರಿಕೆಗೆ ಸಂಬಂಧಿಸಿದ್ದು. 1054ರಲ್ಲಿ ಚೀನದ ವೀಕ್ಷಕರು ಅಲ್ಲಿ ಒಂದು ಹೊಸ ನಕ್ಷತ್ರ ಹಗಲಿನಲ್ಲಿಯೂ ಬೆಳಗಿದುದನ್ನು ಬರೆದಿಟ್ಟಿದ್ದಾರೆ. ಅದು ಹೊಸ ನಕ್ಷತ್ರದ ಜನನವಲ್ಲ, ಹಳೆಯ ನಕ್ಷತ್ರದ ಮರಣ. ಸಿಡಿದ ನಕ್ಷತ್ರದ ನಡುವೆ ಉಳಿದ ಪುಟ್ಟ ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ ಸುಮಾರು 30 ಬಾರಿ ಗಿರ್ರನೆ ತಿರುಗುತ್ತ, ಕಡಲತೀರದ ದೀಪಸ್ತಂಭದಂತೆ ತನ್ನ ಬೆಳಕನ್ನು ಬೀಸುತ್ತಿದೆ. ಆ ಬೆಳಕಿನ ಕಂಪನ ಯಾವ ದಿಕ್ಕಿನಲ್ಲಿದೆ ಎಂಬುದನ್ನು ತಿಳಿದರೆ ಅದು ಹುಟ್ಟುವ ಬಗೆಯನ್ನೂ ತಿಳಿಯಬಹುದು. ಕಿಟಕಿಯ ಲಂಬವಾದ ಸರಳುಗಳ ನಡುವೆ ಹಗ್ಗವನ್ನು ತೂರಿಸಿ ಅಲುಗಿಸಿದರೆ ಮೇಲುಕೆಳಗಿನ ಅಲೆಗಳು ಮಾತ್ರ ಆಚೆಗೆ ದಾಟುತ್ತವೆ, ಅಡ್ಡಲಾಗಿ ತುಯ್ಯುವ ಅಲೆಗಳು ದಾಟುವುದಿಲ್ಲ. ಹೀಗೆ ಒಂದೇ ದಿಕ್ಕಿಗೆ ಕಟ್ಟುಬಿದ್ದ ಕಂಪನಕ್ಕೆ ಧ್ರುವೀಕರಣವೆಂದು ಹೆಸರು. ಆಸ್ಟ್ರೋಸ್ಯಾಟಿನ ಉಪಕರಣವೊಂದು ಸುಮಾರು ಒಂದೂವರೆ ವರ್ಷದ ಅವಧಿಯಲ್ಲಿ ಮತ್ತೆಮತ್ತೆ ಈ ನಕ್ಷತ್ರದ ಕ್ಷ-ಕಿರಣಗಳನ್ನು ಅಳೆಯಿತು. ದೀಪದ ಬೆಳಕು ನಮ್ಮತ್ತ ತಿರುಗಿಲ್ಲದ ಗಳಿಗೆಯಲ್ಲಿಯೇ ಧ್ರುವೀಕರಣ ಅತ್ಯಧಿಕವೆಂಬ ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಲಾಯಿತು. ಅಂಥದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಅದು ಆವರೆಗಿನ ಸಿದ್ಧಾಂತಗಳಿಗೆ ಸವಾಲಾಯಿತು.

ಇವೆರಡಕ್ಕಿಂತಲೂ ದೂರದಿಂದ ಬಂದ ಸುದ್ದಿ ಇನ್ನೊಂದಿದೆ. ಅದನ್ನು ಅರಿಯಲು ವಿಶ್ವದ ಬಾಲ್ಯವನ್ನು ನೆನೆಯಬೇಕು. ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವವು ಹಿಗ್ಗಲಾರಂಭಿಸಿತೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಕಾವು ಆರಿದಮೇಲೆ ಎಲ್ಲೆಡೆ ಜಲಜನಕ ಅನಿಲ ತುಂಬಿಕೊಂಡಿತು. ನಕ್ಷತ್ರಗಳಿನ್ನೂ ಹುಟ್ಟಿರಲಿಲ್ಲ; ಅದು ಕತ್ತಲೆಯ ಯುಗ. ಮುಂದೆ ಮೊದಲ ನಕ್ಷತ್ರಗಳೂ ಗ್ಯಾಲಕ್ಸಿಗಳೂ ಹುಟ್ಟಿ, ಅವುಗಳ ಪ್ರಖರವಾದ ಕಿರಣಗಳು ಜಲಜನಕದ ಪರಮಾಣುಗಳನ್ನು ಒಡೆದವು. ಆಗ ಆ ಮಬ್ಬು ಹರಿಯಿತು. ಆದರೆ ಗ್ಯಾಲಕ್ಸಿಯೊಳಗೇ ದಟ್ಟವಾದ ಅನಿಲವಿರುವಾಗ ಆ ಕಿರಣಗಳು ಅದರಿಂದ ತಪ್ಪಿಸಿಕೊಂಡು ಹೊರಬಂದುದು ಹೇಗೆ? ಹಾಗೆ ಕಿರಣಗಳನ್ನು ಹೊರಬಿಡುವ ಗ್ಯಾಲಕ್ಸಿಗಳನ್ನು ಹುಡುಕುವುದು ಖಭೌತವಿಜ್ಞಾನದ ಮುಖ್ಯ ಪ್ರಯತ್ನಗಳಲ್ಲಿ ಒಂದು.

2016ರ ಅಕ್ಟೋಬರಿನಲ್ಲಿ ಆಸ್ಟ್ರೋಸ್ಯಾಟು ಆಕಾಶದ ಒಂದು ಸಣ್ಣ ತುಣುಕನ್ನು ಒಟ್ಟು 28 ಗಂಟೆಗಳಿಗೂ ಹೆಚ್ಚು ಕಾಲ ದಿಟ್ಟಿಸಿತು. ಅಲ್ಲಿಯ ಒಂದು ಗ್ಯಾಲಕ್ಸಿಯಿಂದ ಅತಿಕ್ಷೀಣವಾದ ಅತಿನೇರಳೆ ಬೆಳಕು ಬಂದಿತ್ತು. ಪುಣೆಯ ಕನಕ್ ಸಾಹಾ ಅವರ ನೇತೃತ್ವದ ತಂಡವು ಅದನ್ನು ಕಂಡೊಡನೆ ಸಾರಿಹೇಳಲಿಲ್ಲ. ಅದು ಉಪಕರಣದ ದೋಷವೋ, ಮುಂದಿರುವ ಬೇರೊಂದು ಕಾಯದ ಬೆಳಕೋ, ಅಥವಾ ನಿಜವಾಗಿಯೂ ಆ ಗ್ಯಾಲಕ್ಸಿಯದೋ ಎಂಬುದನ್ನು ಒರೆಹಚ್ಚಿ ನೋಡಲು ಸುಮಾರು ಎರಡು ವರ್ಷ ಹಿಡಿಯಿತು. 2020ರ ಆಗಸ್ಟ್ ತಿಂಗಳಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಬೆಳಕು ಅಲ್ಲಿಂದ ಹೊರಟು 930 ಕೋಟಿ ವರ್ಷಗಳಾಗಿದ್ದವು. ಅದು ಹೊರಟಾಗ ಸೂರ್ಯನೂ ಇರಲಿಲ್ಲ, ಭೂಮಿಯೂ ಇರಲಿಲ್ಲ. ಅಮೆರಿಕದ ಪ್ರಸಿದ್ಧ ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್ ಅಗಲ. ಆಸ್ಟ್ರೋಸ್ಯಾಟಿನ ಅತಿನೇರಳೆ ದೂರದರ್ಶಕದ ಕನ್ನಡಿ 40 ಸೆಂಟಿಮೀಟರಿಗೂ ಕಡಿಮೆ. ಹೀಗಿದ್ದೂ ಹಬಲ್‌ಗೆ ಸಿಗದ ಈ ಬೆಳಕು ನಮ್ಮ ಉಪಕರಣಕ್ಕೆ ಸಿಕ್ಕಿತು. ಅದರ ಗ್ರಾಹಕದಲ್ಲಿ ಹಿನ್ನೆಲೆಯ ಗದ್ದಲ ತೀರ ಕಡಿಮೆಯಾಗಿದ್ದುದೇ ಇದಕ್ಕೆ ಕಾರಣ. ಸಂತೆಯಲ್ಲಿ ಕೇಳಿಸದ ಪಿಸುಮಾತು ನಿಶ್ಶಬ್ದವಾದ ಕೋಣೆಯಲ್ಲಿ ಕೇಳಿಸುತ್ತದೆಯಷ್ಟೆ.

ಆಸ್ಟ್ರೋಸ್ಯಾಟಿಗೂ ಕಷ್ಟಗಳು ತಪ್ಪಲಿಲ್ಲ. ಅತಿನೇರಳೆ ದೂರದರ್ಶಕದ ಗ್ರಾಹಕಗಳಲ್ಲಿ ಒಂದು 2018ರಲ್ಲಿ ಕೆಲಸ ನಿಲ್ಲಿಸಿತು. ಕ್ಷ-ಕಿರಣದ ಮೂರು ದೊಡ್ಡ ಗ್ರಾಹಕಗಳಲ್ಲಿ ಒಂದರಿಂದ ಅನಿಲ ಸೋರಿಹೋಯಿತು. ಆದರೆ ಉಪಗ್ರಹವು ಕೆಲಸ ಬಿಡಲಿಲ್ಲ. ಐದು ವರ್ಷ ಬಾಳಿದರೆ ಸಾಕೆಂದು ಕಳುಹಿಸಿದ ಉಪಗ್ರಹವು 2025ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷಗಳನ್ನು ಪೂರೈಸಿತು. 2023ರ ಕೊನೆಯ ಹೊತ್ತಿಗೆ ಅದು ಸುಮಾರು 600 ಗ್ಯಾಮಾ ಸ್ಫೋಟಗಳನ್ನು ಗುರುತಿಸಿತ್ತು. ಯಾವ ಸ್ಫೋಟಗಳನ್ನು ಹುಡುಕಲು ಹೊರಟ ಎರಡು ಉಪಗ್ರಹಗಳು 1987 ಮತ್ತು 1988ರಲ್ಲಿ ನಾಶವಾಗಿದ್ದವೋ ಅವೇ ಸ್ಫೋಟಗಳು ಇವು. 2024ರ ಜನವರಿ 1ರಂದು ಭಾರತವು ‘ಎಕ್ಸ್‌ಪೋಸ್ಯಾಟ್’ ಎಂಬ ಮತ್ತೊಂದು ಉಪಗ್ರಹವನ್ನು ಕಳುಹಿಸಿತು. ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆಯಲೆಂದೇ ರೂಪುಗೊಂಡ ಅದರ ಮುಖ್ಯ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸಿದ್ಧವಾದುದು.

ದೂರದ ನಕ್ಷತ್ರದ ಉಷ್ಣತೆಯನ್ನು ತಿಳಿಯುವುದರಿಂದ ಹಸಿದವನಿಗೆ ಅನ್ನ ಸಿಗುವುದೇ ಎಂದು ಕೇಳುವವರುಂಟು. ಪ್ರಶ್ನೆ ಸಾಧುವಾದುದೇ. ಆರ್ಯಭಟವನ್ನು ಕಟ್ಟಿ ಉಪಗ್ರಹವಿದ್ಯೆಯನ್ನು ಕಲಿತವರೇ ಮುಂದೆ ಮಳೆಗಾಳಿಗಳ ಮುನ್ಸೂಚನೆಗೆ, ಬೆಳೆಯ ಸಮೀಕ್ಷೆಗೆ, ದೂರಸಂಪರ್ಕಕ್ಕೆ ಉಪಯುಕ್ತವಾದ ಉಪಗ್ರಹಗಳನ್ನು ಕಟ್ಟಿದರೆಂಬುದು ಅದಕ್ಕೆ ಒಂದು ಉತ್ತರ. ಅದಕ್ಕಿಂತ ಹಿರಿದಾದ ಉತ್ತರವೂ ಉಂಟು. ನಮ್ಮ ರಕ್ತದಲ್ಲಿರುವ ಕಬ್ಬಿಣ, ಮೂಳೆಯಲ್ಲಿರುವ ಸುಣ್ಣದ ಅಂಶ ಇವು ಎಂದೋ ಸಿಡಿದ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ನಕ್ಷತ್ರಗಳ ಹುಟ್ಟುಸಾವುಗಳನ್ನು ವಿಚಾರಿಸುವ ಮನುಷ್ಯ ತನ್ನ ಮೂಲವನ್ನೇ ವಿಚಾರಿಸುತ್ತಿದ್ದಾನೆ.

ರಾಯರು 2017ರ ಜುಲೈ 24ರಂದು ಬೆಂಗಳೂರಿನಲ್ಲಿ ನಿಧನರಾದರು. ಆ ವೇಳೆಗೆ ಆಸ್ಟ್ರೋಸ್ಯಾಟಿನ ಮೊದಲ ಫಲಿತಾಂಶಗಳು ಬಂದಿದ್ದವು. ಪೀಣ್ಯದ ಷೆಡ್ಡಿನಿಂದ ಹೊರಟ ಉಪಗ್ರಹಕ್ಕೆ ಆಕಾಶವನ್ನು ನೋಡಲು ದೊರೆತದ್ದು ನಾಲ್ಕು ದಿನ. ನಲವತ್ತು ವರ್ಷಗಳ ತರುವಾಯ ಹೊರಟ ಉಪಗ್ರಹಕ್ಕೆ ದೊರೆತದ್ದು ಹತ್ತು ವರ್ಷಗಳಿಗೂ ಮಿಗಿಲು. ಆ ನಾಲ್ಕು ದಿನಗಳ ಸೋಲಿಗೆ ಎದೆಗುಂದಿ ಕೈಬಿಟ್ಟಿದ್ದರೆ ಈ ಹತ್ತು ವರ್ಷಗಳು ಬರುತ್ತಿರಲಿಲ್ಲ. ದೊಮ್ಮಲೂರಿನ ರಸ್ತೆಯಲ್ಲಿ ಸಂಜೆ ಮನೆಗೆ ಮರಳುವ ವಿದ್ಯಾರ್ಥಿಯು ತಲೆಯೆತ್ತಿದಾಗ ಅವನಿಗೆ ಕಾಣುವ ನಕ್ಷತ್ರಗಳು ಕೆಲವೇ ಇರಬಹುದು. ಆದರೆ ಅದೇ ಗಳಿಗೆಯಲ್ಲಿ ಅದೇ ರಸ್ತೆಯಲ್ಲಿ ರೂಪುಗೊಂಡ ಕಣ್ಣೊಂದು ದಕ್ಷಿಣದ ಸಾಗರದ ಮೇಲೆ ಹಾಯುತ್ತ, ಅವನಿಗೆ ಕಾಣದ ಬೆಳಕನ್ನು ಹುಡುಕಿಕೊಂಡು ಹೋದವರ ತಾಳ್ಮೆಗೆ ಸಾಕ್ಷಿಯಾಗಿದೆ. ಇನ್ನೂ ಕಾಣದಿರುವುದು ಬಹಳವಿದೆ. ಅದನ್ನು ಕಾಣುವ ಸರದಿ ಮುಂದಿನ ಪೀಳಿಗೆಯದು.